ಕಮ್ಮಿ ಮಾರ್ಕ್ಸ್ ಹಾಕಿ, ಮೇಡಂ

ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ನನ್ನ ಅಣ್ಣನ ತಲೆಗೆ ಕಡೆಗೂ ಹತ್ತಲಿಲ್ಲ. ಅವನ ತಪ್ಪೇನಿಲ್ಲ. ಒಂದು ಆಯುಷ್ಯವೇ ಅದರಲ್ಲಿ ಸವೆಸಿದ ನನಗೂ ಅದು ಪೂರ್ತಿ ಅರ್ಥವಾಗಿದೆ ಎಂದು ಎದೆ ತಟ್ಟಿ ಹೇಳಲಾರೆ. ಹೋದ ತಿಂಗಳು ನಿವೃತ್ತಿಯ ನಂತರ ನಾನು ನೆಲೆಸಿರುವ ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಯ ಹುಡುಗಿಯೊಬ್ಬಳು ಅದೇ ಕೆಲಸಕ್ಕೆ ಆಯ್ಕೆಯಾಗಿ, ಸಿಹಿ ಕೊಡಲು ಮನೆಗೆ ಬಂದಿದ್ದಳು. "ಆಂಟಿ, ಅಲ್ಲಿ ನಿಜವಾಗ್ಲೂ ಏನಿರುತ್ತೆ?" ಎಂದು ಕೇಳಿದಳು. ಕಾಫಿ ಆರುವವರೆಗೆ ಯೋಚನೆ ಮಾಡಿ, "ಗೊಂದಲ ಇರುತ್ತೆ ಕಣಮ್ಮಾ" ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕು ಹೋದಳು. ಹಾಗಲ್ಲ ಎಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ.

ಕೆಲಸವನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಹೀಗೆ. ಯುದ್ಧವಿಮಾನ ಹಾರಿಸುವವರು ಯುದ್ಧವಿಲ್ಲದ ದಿನಗಳಲ್ಲಿ ತಮ್ಮತಮ್ಮಲ್ಲೇ ಕಾದಾಡಿ ಅಭ್ಯಾಸ ಮಾಡುತ್ತಾರೆ. ಗುಂಡಿಲ್ಲ, ಕ್ಷಿಪಣಿಯಿಲ್ಲ, ಉಳಿದದ್ದೆಲ್ಲ ನಿಜ. ಆ ಸುಳ್ಳು ಯುದ್ಧದಲ್ಲಿ ಯಾರು ಚೆನ್ನಾಗಿ ಕಾದಿದರು, ಎಷ್ಟು ಚೆನ್ನಾಗಿ ಕಾದಿದರು ಎಂಬುದನ್ನು ಅಂಕಿಯಲ್ಲಿ ಹೇಳುವುದು ನನ್ನ ಕೆಲಸ. ಮೈಸೂರಿನಲ್ಲಿ ಮನಃಶಾಸ್ತ್ರ ಓದಿ, ಜೊತೆಗೆ ಒಂದಿಷ್ಟು ಸಂಖ್ಯಾಶಾಸ್ತ್ರ ಕಲಿತಿದ್ದ ನನ್ನನ್ನು ತೊಂಬತ್ತರ ದಶಕದ ಆರಂಭದಲ್ಲಿ ಉತ್ತರದ ಒಂದು ವಾಯುನೆಲೆಗೆ ಕಳಿಸಿದರು. ನಾನು ಸಮವಸ್ತ್ರದವಳಲ್ಲ, ಸೀರೆಯುಟ್ಟು ಕೆಲಸಕ್ಕೆ ಹೋಗುತ್ತಿದ್ದ ನಾಗರಿಕ ನೌಕರಿಯವಳು. ನಮ್ಮ ಅಂಕಿಗಳನ್ನು ನೋಡಿ ಯಾರು ಯುದ್ಧವಿಮಾನದಲ್ಲೇ ಉಳಿಯಬೇಕು, ಯಾರನ್ನು ಸರಕು ಸಾಗಿಸುವ ದೊಡ್ಡ ವಿಮಾನಗಳಿಗೆ ಕಳಿಸಬೇಕು ಎಂದು ಮೇಲಿನವರು ತೀರ್ಮಾನಿಸುತ್ತಿದ್ದರು. ಹಾಗಾಗಿ ಕಾಗದದ ಮೇಲೆ ಬರೆದ ಒಂದು ಅಂಕಿ ಒಬ್ಬ ಹುಡುಗನ ಬದುಕನ್ನೇ ಬೇರೆ ದಾರಿಗೆ ತಿರುಗಿಸಿಬಿಡುತ್ತಿತ್ತು.

ಮೊದಲ ದಿನ ನಾನು ಕಂಡದ್ದು ಕೈಗಳನ್ನು. ಹಾರಾಟ ಮುಗಿಸಿ ಬೆವರು ಸುರಿಸುತ್ತ ಬಂದ ನಾಲ್ವರು ಒಂದು ಕೋಣೆಗೆ ನುಗ್ಗಿ, ಅಂಗೈಗಳನ್ನೇ ವಿಮಾನ ಮಾಡಿಕೊಂಡು ಒಬ್ಬರ ಹಿಂದೆ ಒಬ್ಬರು ಹಾರಿಸತೊಡಗಿದರು. ಬಲಗೈ ಎಡಗೈಯ ಹಿಂದೆ ಬಿದ್ದಿದೆ, ಎಡಗೈ ತಟ್ಟನೆ ಮೇಲೆದ್ದು ಮಗುಚುತ್ತಿದೆ, ನಾಲ್ಕೂ ಬಾಯಿ ಒಟ್ಟಿಗೇ ಕೂಗುತ್ತಿವೆ. ಕರಿಹಲಗೆಯ ಹತ್ತಿರ ಬಣ್ಣದ ಸೀಮೆಸುಣ್ಣವಿತ್ತು. ಯಾರು ಮೊದಲು ಸೀಮೆಸುಣ್ಣ ಹಿಡಿದರೋ ಅವರು ಬರೆದದ್ದೇ ಯುದ್ಧ. ಉಳಿದವರು ಎಷ್ಟು ಅರಚಿದರೂ ಹಲಗೆಯ ಮೇಲಿನ ಚಿತ್ರ ಬದಲಾಗುತ್ತಿರಲಿಲ್ಲ. ಆಕಾಶದಲ್ಲಿ ಸೋತವನು ಎಲ್ಲರಿಗಿಂತ ಮೊದಲು ಓಡಿ ಬಂದು ಹಲಗೆಯ ಮೇಲೆ ಗೆದ್ದದ್ದನ್ನು ಎಷ್ಟೋ ಸಲ ನೋಡಿದ್ದೇನೆ.

ನನ್ನ ಮೇಲಧಿಕಾರಿ ಘೋಷ್ ಸಾಹೇಬರು ಬಂಗಾಳದವರು. ಹೆಚ್ಚು ಮಾತಿಲ್ಲ, ಆಡಿದ ಮಾತು ಸರಿಯಾಗಿ ಚುಚ್ಚುತ್ತಿತ್ತು. "ಈ ಗಲಾಟೆಯಿಂದ ಒಂದು ಅಂಕಿ ತೆಗೆದು ಕೊಡಿ" ಎಂದರು. ನಾನು ಉತ್ಸಾಹದಿಂದ ಒಂದು ನಮೂನೆ ತಯಾರಿಸಿದೆ. ಪ್ರತಿ ಹಾರಾಟದ ನಂತರ ತರಬೇತುದಾರರು ಒಬ್ಬೊಬ್ಬನಿಗೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಮನಸ್ಸಿಗೆ ಬಂದ ಹಾಗೆ ಕೊಡಬಾರದೆಂದು ನನ್ನ ಬುದ್ಧಿವಂತಿಕೆ ಸೇರಿಸಿ ಒಂದು ನಿಯಮ ಮಾಡಿದೆ. ಎರಡು ಅಥವಾ ಅದಕ್ಕಿಂತ ಕಡಿಮೆ ಕೊಟ್ಟರೆ ಯಾಕೆಂದು ವಿವರ ಬರೆಯಬೇಕು, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೂ ವಿವರ ಬರೆಯಬೇಕು. ಮೂರಕ್ಕೆ ಮಾತ್ರ ಏನೂ ಬೇಡ.

ಕೆಲವು ತಿಂಗಳ ನಂತರ ಎಲ್ಲ ಹಾಳೆಗಳನ್ನೂ ಜೋಡಿಸಿ ನೋಡಿದರೆ ಮೂರು, ಮೂರು, ಮೂರು. ಬಿಸಿಲಲ್ಲಿ ಬೆಂದು ಬಂದ ಯಾವ ತರಬೇತುದಾರ ವಿವರ ಬರೆಯುತ್ತ ಕೂರುತ್ತಾನೆ? ಘೋಷ್ ಸಾಹೇಬರು ಹಾಳೆಗಳನ್ನು ಒಂದೊಂದಾಗಿ ಮಗುಚಿ, "ಅಭಿನಂದನೆಗಳು. ನಮ್ಮ ಪೈಲಟ್‌ಗಳೆಲ್ಲ ಒಂದೇ ತಾಯಿಯ ಅವಳಿ ಮಕ್ಕಳು ಅಂತ ಸಾಬೀತು ಮಾಡಿದ್ದೀರಿ" ಎಂದರು. ಹೊಸಬರಿಗೆ ಇಷ್ಟು ಹೇಳುತ್ತೇನೆ. ಅಳತೆಗೋಲು ಮಾಡುವ ಮೊದಲು ಅದನ್ನು ಹಿಡಿಯುವವರಿಗೆ ಊಟದ ಹೊತ್ತು ಎಷ್ಟಕ್ಕೆ ಎಂದು ವಿಚಾರಿಸಿ.

ಮೇಲೆ ಏನಾಗುತ್ತದೆ ಎಂದು ನೋಡದೆ ಅಂಕಿ ಬರೆಯುತ್ತಾಳೆ ಎಂಬ ಗೊಣಗಾಟ ಕಿವಿಗೆ ಬಿದ್ದಾಗ ಹಟ ಹಿಡಿದು ಎರಡು ಆಸನದ ವಿಮಾನದಲ್ಲಿ ಒಮ್ಮೆ ಹೋದೆ. ಸೀರೆ ಬಿಟ್ಟು ಅವರ ಹಾರಾಟದ ಉಡುಪು ಹಾಕಿಕೊಂಡಾಗ ಆದ ಸಂತೋಷ ರನ್‌ವೇ ಮುಗಿಯುವವರೆಗೆ ಇತ್ತು. ವಿಮಾನ ತಿರುಗಿದಾಗ ನನ್ನ ತಲೆಯ ತೂಕ ಒಂದು ಅಕ್ಕಿ ಮೂಟೆಯಷ್ಟಾಯಿತು. ಕತ್ತು ಎತ್ತಲಾಗಲಿಲ್ಲ. ಹಾರಾಟ ಪೂರ್ತಿ ನಾನು ನೋಡಿದ್ದು ನನ್ನ ಮೊಣಕಾಲು ಎರಡನ್ನೇ. ಇಳಿದ ಮೇಲೆ ಹಿಂದೆ ಬಂದ ಶತ್ರು ಕಂಡನೇ ಎಂದು ಕೇಳಿದರು. ಬೆಳಗಿನ ತಿಂಡಿಯನ್ನೆಲ್ಲ ಚೀಲಕ್ಕೆ ಒಪ್ಪಿಸಿ ನಿಂತಿದ್ದ ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಆದರೆ ಒಂದು ಮಾತ್ರ ತಿಳಿಯಿತು. ಅಂಥ ಭಾರದಲ್ಲಿ ಕತ್ತು ಹೊರಳಿಸಿ ಹಿಂದೆ ನೋಡುವವನಿದ್ದರೆ ಅವನು ಸಾಮಾನ್ಯನಲ್ಲ.

ನಮೂನೆ ಕಸದ ಬುಟ್ಟಿ ಸೇರಿದ ಮೇಲೆ ನಾವು ಸಾವುಗಳನ್ನು ಎಣಿಸತೊಡಗಿದೆವು. ಅಲ್ಲಿನ ಪದ್ಧತಿ ಹೀಗಿತ್ತು. ಎದುರಾಳಿಯ ಹಿಂದೆ ಸರಿಯಾಗಿ ಬಿದ್ದವನು ರೇಡಿಯೋದಲ್ಲಿ "ಹೊಡೆದೆ" ಎನ್ನುತ್ತಿದ್ದ. ಹೊಡೆಸಿಕೊಂಡವನು ಒಪ್ಪಿದರೆ "ನಾನು ಸತ್ತೆ" ಎಂದು ಹೇಳಿ, ರೆಕ್ಕೆ ಅಲ್ಲಾಡಿಸಿ, ಜಗಳದಿಂದ ಆಚೆ ಹೋಗುತ್ತಿದ್ದ. ಎಲ್ಲ ಇಂಗ್ಲಿಷಿನಲ್ಲೇ. ಇಳಿದ ಮೇಲೆ ಸತ್ತವನು ಎಲ್ಲರಿಗೂ ಚಹಾ ತರಬೇಕು. ವಿಮಾನದ ಮೂತಿಯಲ್ಲಿದ್ದ ಕ್ಯಾಮೆರಾ ಫಿಲ್ಮು ತೆಗೆದು ನೋಡುವುದೂ ಇತ್ತು, ಆದರೆ ಅದು ಅರ್ಧಕ್ಕರ್ಧ ಸಲ ಸಿಕ್ಕಿಹಾಕಿಕೊಳ್ಳುತ್ತಿತ್ತು. ಹಾಗಾಗಿ ರೇಡಿಯೋ ಮಾತುಗಳ ಟೇಪು ಕೇಳಿ ಲೆಕ್ಕ ಹಾಕುವುದೇ ಸುಲಭವಾಯಿತು.

"ಹೊಡೆದೆ" ಎಂದವರ ಮಾತನ್ನು ನಾವು ನಂಬಲಿಲ್ಲ. ಎಲ್ಲರೂ ಬಡಾಯಿ ಕೊಚ್ಚುವವರೇ. ಆದರೆ "ಸತ್ತೆ" ಎಂದವರ ಮಾತನ್ನು ನಂಬಿದೆವು. ತಾನು ಸತ್ತೆ ಎಂದು ಸುಮ್ಮಸುಮ್ಮನೆ ಯಾರಾದರೂ ಹೇಳುತ್ತಾರೆಯೇ, ಅದೂ ಚಹಾ ಹೊರುವ ಶಿಕ್ಷೆ ಇರುವಾಗ? ಘೋಷ್ ಸಾಹೇಬರಿಗೂ ಈ ತರ್ಕ ಹಿಡಿಸಿತು. ಯಾರು ಎಷ್ಟು ಸಲ ಸತ್ತರು ಎಂಬ ಪಟ್ಟಿ ವರ್ಷಗಟ್ಟಲೆ ನಮ್ಮ ಅತಿ ಗಟ್ಟಿಯಾದ ಅಳತೆ ಎನಿಸಿಕೊಂಡಿತು. ಕಾಲ ಹೀಗೆ ಕಳೆದು, ಹೊಸ ಶತಮಾನ ಬಂದರೂ ನಾವು ಟೇಪು ಕೇಳುತ್ತಲೇ ಇದ್ದೆವು.

ಆಗ ಬಂದವನು ಶಶಿಧರ. ಫ್ಲೈಟ್ ಲೆಫ್ಟಿನೆಂಟ್, ತೆಳ್ಳಗಿನ ಹುಡುಗ. ನನ್ನ ಮೇಜಿಗೆ ಚಹಾ ಇಡುತ್ತ, "ಮೇಡಂ, ನೀವು ಭದ್ರಾವತಿಯವ್ರಂತೆ? ನಂದು ಶಿವಮೊಗ್ಗ" ಎಂದ.

"ಯಾವ ಕಡೆಯಪ್ಪ?"

"ವಿನೋಬನಗರ. ಅಪ್ಪಂದು ಸ್ಕೂಟರ್ ಸ್ಪೇರ್ ಪಾರ್ಟ್ಸ್ ಅಂಗಡಿ. ಅಮ್ಮ ಹೈಸ್ಕೂಲ್ ಟೀಚರ್. ನಿಮ್ಮೂರ ಕಾರ್ಖಾನೆ ಹೊಗೆ ನಮ್ಮನೆ ಬಟ್ಟೆ ಮೇಲೂ ಬೀಳ್ತಿತ್ತು ಮೇಡಂ."

"ಸುಳ್ಳು ಹೇಳ್ಬೇಡ ಮಾರಾಯ. ಆ ಹೊಗೆಯಿಂದ್ಲೇ ನಿಮ್ಮೂರಿನ ಅಂಗಡಿಗಳೆಲ್ಲ ಉದ್ಧಾರ ಆಗಿದ್ದು."

ಅಷ್ಟು ದೂರದಲ್ಲಿ ಕನ್ನಡ ಕೇಳಿದ್ದೇ ನನಗೆ ಹಬ್ಬ. ಆದರೆ ಅವನು ಚಹಾ ತಂದನೆಂದರೆ ಸತ್ತಿದ್ದಾನೆ ಎಂದರ್ಥ. ಮರುದಿನವೂ ತಂದ. ಅದರ ಮರುದಿನವೂ ತಂದ. ಅವನ ಜೊತೆಯವರು ಅವನನ್ನು 'ಚಾಯ್' ಎಂದೇ ಕರೆಯತೊಡಗಿದರು. ನಮ್ಮ ಪಟ್ಟಿಯಲ್ಲಿ ಅವನಷ್ಟು ಸಲ ಸತ್ತವರು ಯಾರೂ ಇರಲಿಲ್ಲ. ವರ್ಷದ ಕೊನೆಯ ಪರಿಶೀಲನೆಯಲ್ಲಿ ಅವನನ್ನು ಯುದ್ಧವಿಮಾನದಿಂದ ತೆಗೆಯುವುದು ಖಚಿತ ಎಂದು ಘೋಷ್ ಸಾಹೇಬರು ಹೇಳಿದರು. ಆ ಹುಡುಗನಿಗೆ ಆ ವಿಮಾನ ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ. ಕೆಲಸವಿಲ್ಲದ ದಿನವೂ ಹೋಗಿ ಅದರ ರೆಕ್ಕೆಯ ನೆರಳಲ್ಲಿ ಕೂರುತ್ತಿದ್ದ.

ಅದೇ ಸಮಯದಲ್ಲಿ ರಜೆಗೆ ಭದ್ರಾವತಿಗೆ ಬಂದೆ. ಅಣ್ಣ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ. ನನ್ನ ತಂಗಿ ಪೈಲಟ್‌ಗಳಿಗೆ ಮಾರ್ಕ್ಸ್ ಹಾಕುತ್ತಾಳೆ ಎಂದು ಅವನು ಲೇತ್ ಮೆಷಿನ್ನಿನ ಮುಂದೆ, ಶಿವಮೊಗ್ಗದ ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಎಲ್ಲೆಲ್ಲಿ ಬಾಯಿ ತೆರೆಯಬಹುದೋ ಅಲ್ಲೆಲ್ಲ ಹೇಳಿಟ್ಟಿದ್ದ. ಪಕ್ಕದ ಮನೆಯ ತಮಿಳು ಅಮ್ಮ ನನ್ನನ್ನು ಕಂಡಾಗಲೆಲ್ಲ ಆಕಾಶ ತೋರಿಸಿ ಕೈ ಮುಗಿಯುತ್ತಿದ್ದರು. ಒಂದು ಭಾನುವಾರ ಬೆಳಿಗ್ಗೆ ಇಳಕಲ್ ಸೀರೆಯುಟ್ಟ, ಹಣೆಗೆ ವಿಭೂತಿ ಹಚ್ಚಿದ, ನನಗಿಂತ ಹಿರಿಯರಾದ ಹೆಂಗಸೊಬ್ಬರು ಚಕ್ಕುಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ನಾನು ಪಾರ್ವತಮ್ಮ ಅಂತ. ಶಶಿಧರನ ತಾಯಿ" ಎಂದರು.

ಅಣ್ಣನಿಗೆ ಎಲ್ಲಿಲ್ಲದ ಸಂಭ್ರಮ. ಕುರ್ಚಿ ಒರೆಸಿ ಕೂರಿಸಿದ. ಅತ್ತಿಗೆ ಕಾಫಿಗೆ ಒಳಗೆ ಹೋದಾಗ ನನ್ನ ಕಿವಿಯ ಹತ್ತಿರ ಬಂದು, "ನಮ್ಮ ಕಡೆ ಹುಡುಗ ಕಣೇ. ಒಂದೈದು ಮಾರ್ಕ್ಸ್ ಜಾಸ್ತಿ ಹಾಕಿದ್ರೆ ನಿನ್ನ ಗಂಟೇನ್ ಹೋಗುತ್ತೆ?" ಎಂದು ಪಿಸುಗುಟ್ಟಿದ. ನಾನು ಅವನನ್ನು ಹಾಲು ತರಲು ಕಳಿಸಿದೆ.

ಪಾರ್ವತಮ್ಮನವರು ಕಾಫಿ ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಶುರುಮಾಡಿದರು. "ಮೇಡಂ, ನಾನು ಗಣಿತದ ಟೀಚರ್. ಇಷ್ಟು ವರ್ಷದಲ್ಲಿ ಯಾವ ಮಗೂಗೂ ಅರ್ಧ ಮಾರ್ಕ್ ಪುಕ್ಕಟೆ ಕೊಟ್ಟೋಳಲ್ಲ. ಕೇಳೋಕೆ ನಾಚಿಕೆ ಆಗುತ್ತೆ. ಆದ್ರೂ ಕೇಳ್ತೀನಿ."

"ಟೀಚರ್, ನೋಡಿ, ಮಾರ್ಕ್ಸ್ ನನ್ನ ಕೈಲಿಲ್ಲ..."

"ಹಂಗಂತ ನಾನೂ ಹುಡುಗ್ರ ಅಪ್ಪ ಅಮ್ಮಂದಿರಿಗೆ ಹೇಳ್ತೀನಿ ಬಿಡಿ" ಎಂದರು. ಮುಖದಲ್ಲಿ ನಗುವಿರಲಿಲ್ಲ. "ಅವನಿಗೆ ಕಮ್ಮಿ ಮಾರ್ಕ್ಸ್ ಹಾಕಿ, ಮೇಡಂ."

ತಪ್ಪಾಗಿ ಕೇಳಿಸಿತೇನೋ ಎಂದುಕೊಂಡು, "ಕಮ್ಮಿನಾ?" ಎಂದೆ.

"ಕಮ್ಮಿ ಬಂದ್ರೆ ದೊಡ್ಡ ವಿಮಾನಕ್ಕೆ ಹಾಕ್ತಾರಂತೆ. ಅದ್ರಲ್ಲಿ ಮೂರ್ನಾಲ್ಕು ಜನ ಇರ್ತಾರಂತಲ್ಲ? ಒಬ್ಬನ ಕೈ ಸೋತ್ರೆ ಇನ್ನೊಬ್ಬ ಹಿಡ್ಕೋತಾನೆ. ಇದ್ರಲ್ಲಿ ಅವನೊಬ್ಬನೇ. ಪೇಪರಲ್ಲಿ ವಿಮಾನ ಬಿತ್ತು ಅಂತ ಬಂದ ದಿನ ನಾನು ಸ್ಕೂಲಿಗೆ ಹೋಗಲ್ಲ, ಫೋನ್ ಮುಂದೆ ಕೂತಿರ್ತೀನಿ. ಅವರಪ್ಪ ಅಂಗಡಿ ಬಾಗ್ಲು ತೆಗೆಯಲ್ಲ. ಹಂಗಂತ ಅವನಿಗೆ ಬಿಡು ಅನ್ನೋಕೆ ಬಾಯಿ ಬರಲ್ಲ. ಚಿಕ್ಕವನಿದ್ದಾಗಿಂದ ಅದೇ ಆಸೆ. ನೀವು ಹಾಕಿದ್ರೆ ಅವನಿಗೆ ನನ್ನ ಮೇಲೆ ಸಿಟ್ಟು ಬರಲ್ಲ."

ಅವರ ಮಗನ ಮಾರ್ಕ್ಸ್ ಆಗಲೇ ಎಲ್ಲರಿಗಿಂತ ಕೆಳಗಿದೆ, ಅವರು ಬಯಸಿದ್ದು ತಾನಾಗಿಯೇ ಆಗಲಿದೆ ಎಂದು ನನಗೆ ಗೊತ್ತಿತ್ತು. ಹೇಳುವಂತಿರಲಿಲ್ಲ. ಹೇಳಿದರೆ ಸಂತೋಷ ಕೊಟ್ಟ ಹಾಗೋ, ಅವರ ಮಗನನ್ನು ಅವಮಾನಿಸಿದ ಹಾಗೋ ಅದೂ ತಿಳಿಯಲಿಲ್ಲ. "ಇದ್ದದ್ದು ಇದ್ದ ಹಾಗೆ ಹಾಕ್ತೀನಿ ಟೀಚರ್" ಎಂದೆ. "ಅಷ್ಟೇ ಅಲ್ವಾ ನಾನೂ ಮಾಡೋದು" ಎಂದು ಎದ್ದರು. ಮಗನಿಗೆ ತಾವು ಬಂದದ್ದು ಹೇಳಬಾರದೆಂದು ಮಾತು ತೆಗೆದುಕೊಂಡರು. ಬಸ್ ಸ್ಟ್ಯಾಂಡಿನವರೆಗೆ ಬಿಟ್ಟು ಬಂದ ಅಣ್ಣ, "ಏನಂದ್ರೂ ಆಯಮ್ಮನ ಮುಖ ಸಪ್ಪಗಿತ್ತು. ನೀನೇನೋ ಗಾಂಚಾಲಿ ಮಾಡಿದೀಯ" ಎಂದು ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ವಾಪಸು ಹೋಗುವಷ್ಟರಲ್ಲಿ ಹೊಸ ಯಂತ್ರ ಬಂದಿತ್ತು. ರೆಕ್ಕೆಯ ಕೆಳಗೆ ನೇತುಹಾಕುವ ಒಂದು ಉದ್ದನೆಯ ಕೊಳವೆ. ವಿಮಾನ ಎಲ್ಲಿದೆ, ಯಾವ ಕಡೆ ಮುಖ, ಎಷ್ಟು ವೇಗ ಎಂಬುದನ್ನೆಲ್ಲ ಅದು ನೆಲಕ್ಕೆ ಕಳಿಸುತ್ತದೆ. ನೆಲದ ಮೇಲೆ ಕತ್ತಲು ಕೋಣೆಯ ಪರದೆಯಲ್ಲಿ ಇಡೀ ಜಗಳ ಬಣ್ಣದ ಗೆರೆಗಳಾಗಿ ಮೂಡುತ್ತದೆ. ಯಾರು ಯಾರನ್ನು ನಿಜವಾಗಿ ಹೊಡೆದರು ಎಂದು ಅದೇ ಹೇಳುತ್ತದೆ. ಸೀಮೆಸುಣ್ಣಕ್ಕೆ ಓಡುವುದು ನಿಂತಿತು. ಕೈಗಳು ಜೇಬು ಸೇರಿದವು. ಕೋಣೆ ಎಷ್ಟು ಮೌನವಾಯಿತೆಂದರೆ ನನಗೆ ಹಳೆಯ ಕೂಗಾಟವೇ ಬೇಕೆನಿಸಿತು. ರೇಡಿಯೋದಲ್ಲಿ "ಸತ್ತೆ" ಎನ್ನುವ ರೂಢಿ ಮಾತ್ರ ಇನ್ನೂ ಉಳಿದಿತ್ತು. ಹಳೆಯ ಲೆಕ್ಕಕ್ಕೂ ಹೊಸ ಲೆಕ್ಕಕ್ಕೂ ಎಷ್ಟು ತಾಳೆಯಾಗುತ್ತದೆ ನೋಡಿ ಎಂದು ಘೋಷ್ ಸಾಹೇಬರು ನನಗೆ ಹೇಳಿದರು.

ಉಳಿದವರದ್ದು ನಿರೀಕ್ಷಿಸಿದ ಹಾಗೇ ಇತ್ತು. ಯಂತ್ರ ಸತ್ತಿದ್ದಾರೆ ಎಂದರೂ ಇವರು ಬದುಕಿದ್ದೇವೆ ಎಂದು ಹಾರುತ್ತಲೇ ಇದ್ದರು. ಶಶಿಧರನದ್ದು ತಿರುಗುಮುರುಗು. ಅವನು ಸತ್ತೆ ಎಂದು ರೆಕ್ಕೆ ಅಲ್ಲಾಡಿಸಿ ಹೊರಟಾಗ ಪರದೆಯ ಮೇಲೆ ಅವನನ್ನು ಯಾರೂ ಹೊಡೆದೇ ಇರಲಿಲ್ಲ. ಒಂದು ಸಲವಲ್ಲ, ಮತ್ತೆ ಮತ್ತೆ. ಟೇಪು ಹಾಕಿ ಕೇಳಿದರೆ ಅವನ ಮಾತಿನ ನಂತರ ಒಂದು ಗಳಿಗೆ ಎದುರಾಳಿಗಳೇ ತಬ್ಬಿಬ್ಬಾಗಿ ಸುಮ್ಮನಿರುತ್ತಿದ್ದರು. ಆಮೇಲೆ ಹತ್ತಿರವಿದ್ದವನು, ಪುಕ್ಕಟೆ ಬಂದದ್ದನ್ನು ಯಾಕೆ ಬಿಡಲಿ ಎಂದು, ತಾನೇ ಹೊಡೆದೆ ಎನ್ನುತ್ತಿದ್ದ. ವರ್ಷಗಟ್ಟಲೆ ನಮ್ಮ ಗಟ್ಟಿ ಅಳತೆ ಎಂದು ಮೆರೆದದ್ದು ಇದೇ.

ಯಂತ್ರ ಕೆಟ್ಟಿದೆ ಎಂದುಕೊಂಡೆ. ಅವನ ಕೊಳವೆಯನ್ನು ಬೇರೆಯವನ ವಿಮಾನಕ್ಕೆ, ಬೇರೆಯವನದ್ದನ್ನು ಅವನ ವಿಮಾನಕ್ಕೆ ಹಾಕಿಸಿದೆ. ಹಾಗೇ ಬಂತು. ಈ ಹುಡುಗ ಹೊಡೆಸಿಕೊಳ್ಳದೆ ಯಾಕೆ ಸಾಯುತ್ತಾನೆ? ಹೆದರಿಕೆಯೇ? ಸೋಮಾರಿತನವೇ? ಆಗ ತಲೆಗೆ ಇನ್ನೊಂದು ಯೋಚನೆ ಬಂತು. ತಾಯಿಗೋಸ್ಕರ ಬೇಕೆಂದೇ ಸೋಲುತ್ತಿದ್ದಾನೆಯೇ? ಚಕ್ಕುಲಿ ಡಬ್ಬಿ, ಆ ಸೆರಗು, ಆ ಮಾತು ಎಲ್ಲ ಕಣ್ಣ ಮುಂದೆ ಬಂತು. ಯಾವ ಅಂಕಣದಲ್ಲಿ ಬರೆಯಲಿ ಇದನ್ನು?

ಅವನು ಚಹಾ ತಂದಾಗ ಸುತ್ತಿ ಬಳಸಿ ಕೇಳಿದೆ. "ಮನೇಲಿ ಅಮ್ಮ ಹೇಗಿದ್ದಾರೆ?"

"ಚೆನ್ನಾಗಿದಾರೆ ಮೇಡಂ. ಭದ್ರಾವತಿಗೆ ಬಂದಿದ್ರಂತಲ್ಲ? ಅಪ್ಪ ಫೋನಲ್ಲಿ ಬಾಯಿಬಿಟ್ರು."

"ಯಾಕೆ ಬಂದಿದ್ರು ಅಂತ ಹೇಳಿದ್ರಾ?"

ಅವನು ನಕ್ಕ. "ಅಮ್ಮ ಯಾರ ಹತ್ರಾನೂ ಮಾರ್ಕ್ಸ್ ಜಾಸ್ತಿ ಕೇಳೋರಲ್ಲ ಮೇಡಂ. ಕೇಳಿದ್ರೆ ಕಮ್ಮಿನೇ ಕೇಳಿರ್ತಾರೆ."

ಗೊತ್ತಿದೆ ಎಂದಾಯಿತು. ಅದರಿಂದ ನನ್ನ ಗೊಂದಲ ಎರಡರಷ್ಟಾಯಿತೇ ಹೊರತು ಕಡಿಮೆಯಾಗಲಿಲ್ಲ. ಮುಂದೆ ಕೇಳುವ ಧೈರ್ಯ ನನಗಿರಲಿಲ್ಲ. ಘೋಷ್ ಸಾಹೇಬರಿಗೆ ಯಂತ್ರ ಕಂಡದ್ದನ್ನಷ್ಟೇ ಹೇಳಿದೆ. ಅವರು ಬಹಳ ಹೊತ್ತು ಪರದೆ ನೋಡಿ, "ಇವನನ್ನೇ ಕರೆದು ಕೇಳೋಣ. ನಮಗೆ ಇದು ಮೊದಲೇ ಹೊಳೆಯಬೇಕಿತ್ತು" ಎಂದರು.

ಪರಿಶೀಲನೆಗೆ ನೆಲೆಯ ಮುಖ್ಯಸ್ಥರಾದ ಗ್ರೂಪ್ ಕ್ಯಾಪ್ಟನ್ ಕೂತಿದ್ದರು. ಹಳೆಯ ಕಾಲದ ಪೈಲಟ್, ಬಿಳಿ ಮೀಸೆ, ಸಿಟ್ಟು ಬಂದರೆ ದನಿ ತಗ್ಗಿಸುವ ಜಾತಿಯವರು. ಶಶಿಧರ ನೆಟ್ಟಗೆ ನಿಂತಿದ್ದ. ಪರದೆಯ ಮೇಲೆ ಒಂದು ಹಾರಾಟ ಓಡಿಸಿ, ಅವನು ಸತ್ತೆ ಎಂದ ಜಾಗದಲ್ಲಿ ನಿಲ್ಲಿಸಿದೆವು.

"ಇಲ್ಲಿ ನಿನ್ನನ್ನು ಕೊಂದದ್ದು ಯಾರು?" ಮುಖ್ಯಸ್ಥರ ದನಿ ತಗ್ಗಿತ್ತು.

"ಎಡಗಡೆ ಹಿಂದೆ, ಸೂರ್ಯನ ಕಡೆಯಿಂದ ಬಂದವನು ಸರ್."

ನಾನು ಪರದೆಯ ಮೇಲಿನ ಚಿತ್ರವನ್ನು ಆ ಕಡೆಗೆ ತಿರುಗಿಸಿ ನೋಡಿದೆ. ಅಲ್ಲಿ ನಿಜಕ್ಕೂ ಒಂದು ವಿಮಾನವಿತ್ತು. ಇನ್ನೊಂದು ಹಾರಾಟ ಹಾಕಿದೆವು. ಕೆಳಗಿನಿಂದ, ಬೆಟ್ಟದ ಮರೆಯಿಂದ ಎಂದ. ಅಲ್ಲೂ ಇತ್ತು. ಮತ್ತೊಂದು, ಅಲ್ಲೂ ಇತ್ತು. ಒಂದರಲ್ಲೂ ಅವನ ಕಣ್ಣು ತಪ್ಪಿರಲಿಲ್ಲ. ಅಂಥದೇ ಹಾರಾಟದಲ್ಲಿ ನಾನು ಕಂಡಿದ್ದು ನನ್ನ ಮೊಣಕಾಲನ್ನಷ್ಟೇ.

"ಅವರಾರೂ ನಿನ್ನನ್ನು ಹೊಡೆದಿಲ್ಲ. ಅರ್ಧ ಜನ ನಿನ್ನನ್ನು ನೋಡಿಯೇ ಇಲ್ಲ. ಮತ್ತೆ ಯಾಕೆ ಸತ್ತೆ ಅಂದೆ?"

"ಅವರ ಜಾಗದಲ್ಲಿ ನಾನಿದ್ದಿದ್ದರೆ ಹೊಡೆದಿರುತ್ತಿದ್ದೆ ಸರ್" ಎಂದ. "ಅದಕ್ಕೆ."

ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ಇಷ್ಟು ವರ್ಷ ಅಳೆದಿದ್ದೀರಿ. ಇವನು ಇರಬೇಕೋ, ಹೋಗಬೇಕೋ?"

ನಾನು ಎದ್ದು ನಿಂತೆ. ಇರಬೇಕು ಎಂದರೆ ವಿನೋಬನಗರದ ಒಂದು ಮನೆಯ ಫೋನಿನ ಮುಂದೆ ಕೂತ ಹೆಂಗಸು ಕಾಣುತ್ತಾರೆ. ಹೋಗಬೇಕು ಎಂದರೆ ಎದುರಿಗೆ ನಿಂತ ಈ ಹುಡುಗ. ಕಂಡದ್ದನ್ನಷ್ಟೇ ಹೇಳಿದೆ. "ಸರ್, ಕಣ್ಣಿಗೆ ಅಂಕ ಕೊಡಿ ಎಂದರೆ ಇಲ್ಲಿರುವ ಎಲ್ಲರಿಗಿಂತ ಹೆಚ್ಚು ಕೊಡುತ್ತೇನೆ. ಕಂಡ ಮೇಲೆ ತಪ್ಪಿಸಿಕೊಳ್ಳುತ್ತಾನೋ ಇಲ್ಲವೋ ನನಗೆ ತಿಳಿಯದು. ಇವನು ಅಲ್ಲಿಯವರೆಗೆ ಹೋಗೇ ಇಲ್ಲ, ನಾವು ಅಳೆದೂ ಇಲ್ಲ. ತಾನೇ ಸತ್ತೆ ಎಂದು ಹೊರಟುಬಿಡುತ್ತಾನೆ."

ಮುಖ್ಯಸ್ಥರು ಮೀಸೆಯ ಮೇಲೆ ಕೈಯಾಡಿಸಿದರು. "ಇರಲಿ" ಎಂದರು. "ಆದರೆ ಕೇಳು ಹುಡುಗ. ಇನ್ನು ನಿನ್ನ ಸಾವನ್ನು ನೀನು ಹೇಳುವ ಹಾಗಿಲ್ಲ. ಯಾರೂ ಹೇಳುವ ಹಾಗಿಲ್ಲ. ಯಂತ್ರ ನೋಡಿ ನೆಲದಿಂದ ಹೇಳುತ್ತಾರೆ. ಅಲ್ಲಿಯವರೆಗೆ ಬದುಕಿದ್ದೀಯ ಅಂತಲೇ ಕಾದಾಡು." ಹೇಳುವವರು ಯಾರು ಎಂಬ ಪ್ರಶ್ನೆ ಬಂತು. ಯಾವ ಸ್ಕ್ವಾಡ್ರನ್ನಿನ ಅಧಿಕಾರಿ ಹೇಳಿದರೂ ಇನ್ನೊಂದು ಸ್ಕ್ವಾಡ್ರನ್ನಿನವರು ಪಕ್ಷಪಾತ ಎನ್ನುತ್ತಾರೆ. ಯಾರ ಕಡೆಗೂ ಸೇರದವಳು ನಾನೊಬ್ಬಳೇ. ಹೀಗೆ ಮೈಕು ನನ್ನ ಕೈಗೆ ಬಂತು. ಹಾರುವವರು ನನ್ನನ್ನು ಹಿಂದಿನಿಂದ ಯಮರಾಣಿ ಎನ್ನುತ್ತಿದ್ದರು.

ಹೊರಗೆ ಶಶಿಧರ ಕಾಯುತ್ತಿದ್ದ. ಮುಖ ಅರಳಿತ್ತು. "ಮೇಡಂ, ಅಮ್ಮಂಗೆ ನೀವೇ ಹೇಳ್ತೀರಾ?"

"ನಿಮ್ಮಮ್ಮ, ನೀನೇ ಹೇಳು."

"ನಂಗೆ ಧೈರ್ಯ ಇಲ್ಲ ಮೇಡಂ."

ಸೂರ್ಯನ ಕಡೆಯಿಂದ ಬರುವವನನ್ನು ಕಾಣುವ ಹುಡುಗನಿಗೆ ತಾಯಿಗೆ ಫೋನ್ ಮಾಡುವ ಧೈರ್ಯವಿರಲಿಲ್ಲ. ನಾನು ಬೈದು, ಆಮೇಲೆ ಒಪ್ಪಿಕೊಂಡೆ.

ಮುಂದಿನ ರಜೆಯಲ್ಲಿ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಂದು, ಸಿಟಿ ಬಸ್ಸು ಹಿಡಿದು ಅವರ ಮನೆಗೆ ಹೋದೆ. ಪಾರ್ವತಮ್ಮನವರು ವರಾಂಡದಲ್ಲಿ ಉತ್ತರಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡು ತಿದ್ದುತ್ತಿದ್ದರು. ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಎದ್ದರು. ನನ್ನ ಮುಖ ನೋಡಿಯೇ ತಿಳಿಯಿತೇನೋ. "ಕಮ್ಮಿ ಬರ್ಲಿಲ್ಲ ಅಲ್ವಾ?" ಎಂದರು.

ಹೇಳಬಾರದ್ದನ್ನೆಲ್ಲ ಬಿಟ್ಟು ಹೇಳಬಹುದಾದದ್ದನ್ನು ಹೇಳಿದೆ. ಅಭ್ಯಾಸದ ಜಗಳ ಹೇಗಿರುತ್ತದೆ, ಸತ್ತೆ ಎನ್ನುವ ರೂಢಿ, ಅವರ ಮಗನ ಕಣ್ಣು. ಕಣ್ಣಿನ ವಿಷಯ ಹೇಳಿದರೆ ಹೆಮ್ಮೆಪಡುತ್ತಾರೆ ಎಂದುಕೊಂಡಿದ್ದೆ. ಅವರ ಕಿವಿ ಅಲ್ಲಿರಲಿಲ್ಲ.

"ಸತ್ತೆ ಅಂತ ಅವನೇ ಹೇಳ್ತಿದ್ನಾ? ಬಾಯಿಬಿಟ್ಟು?"

"ಅದು ಆಟದ ಮಾತು ಟೀಚರ್."

"ತುಂಬ ಸಲ ಹೇಳ್ತಿದ್ನಾ?"

ಉತ್ತರಕ್ಕೆ ಕಾಯದೆ ಅವರು ಎದ್ದು ಒಳಗೆ ಹೋದರು. ಅಡುಗೆಮನೆಯಲ್ಲಿ ನಲ್ಲಿ ಹರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಮುಖ ತೊಳೆದು ಬಂದರು. ವಿಭೂತಿ ಅಳಿಸಿಹೋಗಿತ್ತು.

"ಈಗ ಯಾರು ಹೇಳ್ತಾರೆ?"

"ಈಗ ಅವನು ಹೇಳಲ್ಲ. ನಾನು ಹೇಳ್ತೀನಿ. ನೆಲದಿಂದ."

ಪಾರ್ವತಮ್ಮನವರು ನನ್ನ ಎರಡೂ ಮುಂಗೈ ಹಿಡಿದುಕೊಂಡರು. ಕೈ ಇನ್ನೂ ಒದ್ದೆಯಿತ್ತು. "ಹೇಳ್ಬೇಡಿ ಮೇಡಂ."

"ಹೊಡೆದಾಗ ಹೇಳ್ಲೇಬೇಕು ಟೀಚರ್. ಇಲ್ದಿದ್ರೆ ಅವನು ಕಲಿಯಲ್ಲ."

"ಹೊಡೆದ್ರೂ ಹೇಳ್ಬೇಡಿ. ನೂರಕ್ಕೆ ನೂರು ಹಾಕಿಬಿಡಿ. ನಾನೇ ಕೇಳ್ತಿದೀನಿ, ಹಾಕಿಬಿಡಿ. ಆ ಮಾತು ಮಾತ್ರ ನಿಮ್ಮ ಬಾಯಲ್ಲಿ ಬರ್ಬಾರ್ದು" ಎಂದರು. ಅರ್ಧ ಮಾರ್ಕ್ ಪುಕ್ಕಟೆ ಕೊಡದ ಆ ತಾಯಿ ಮಗುವಿನ ಹಾಗೆ ಅತ್ತರು. ನಾನೂ ಅತ್ತೆ. ಹೇಳುವುದಿಲ್ಲ ಎಂದು ಮಾತು ಕೊಡಲು ನನ್ನಿಂದಾಗಲಿಲ್ಲ.

ರಜೆ ಮುಗಿಸಿ ಹೋದ ಮೊದಲ ಬೆಳಿಗ್ಗೆಯೇ ಪರದೆಯ ಮೇಲೆ ಶಶಿಧರನ ವಿಮಾನದ ಗುರುತು ಕೆಂಪಾಯಿತು. ಈ ಸಲ ಅವನು ಬಿಟ್ಟುಕೊಟ್ಟಿರಲಿಲ್ಲ. ಹಿಂದಿನವನನ್ನು ಕಂಡು, ಮಗುಚಿ, ಕೆಳಗೆ ಧುಮುಕಿ, ಮತ್ತೆ ಮೇಲೆದ್ದು, ಎಲ್ಲ ಪ್ರಯತ್ನ ಮಾಡಿದ ಮೇಲೆ ಸಿಕ್ಕಿಬಿದ್ದಿದ್ದ. ಯಂತ್ರ ಹೇಳಿದ್ದರಲ್ಲಿ ಸಂಶಯವಿರಲಿಲ್ಲ. ಘೋಷ್ ಸಾಹೇಬರು ನನ್ನ ಕಡೆ ನೋಡಿದರು. ಮೈಕಿನ ಗುಂಡಿ ಒತ್ತಿದೆ. ಮೇಲೆ ಅವನು ನನ್ನ ದನಿಗಾಗಿ ಕಾಯುತ್ತ ಇನ್ನೂ ಕಾದಾಡುತ್ತಲೇ ಇದ್ದ. ಅವನ ಸಂಖ್ಯೆಯನ್ನು ಕರೆದು, ಇಂಗ್ಲಿಷಿನಲ್ಲಿ, ನೀನು ಸತ್ತಿದ್ದೀಯ ಎಂದೆ.

ರೇಡಿಯೋದಲ್ಲಿ ಬೇರೆ ಭಾಷೆ ಆಡುವಂತಿರಲಿಲ್ಲ. ಆದರೂ ಅವನು ರೆಕ್ಕೆ ಅಲ್ಲಾಡಿಸಿ ನೆಲೆಯ ಕಡೆ ತಿರುಗುತ್ತ, "ಸರಿ ಮೇಡಂ, ಬರ್ತೀನಿ" ಎಂದ.